ಮಿಚಿಕೊ ಹೇಳಿದ ಎರಡನೆಯ ಹಾಡು

ಕಿವಿಯಲ್ಲಿ ಬೀಪ್ ಅಂದರೆ ಮರದ ತುಂಡನ್ನು ಡಬ್ಬಿಗೆ ಹಾಕಬೇಕು. ಅಷ್ಟೇ ಆಟ.

ನನ್ನ ಮಗಳು ಸಿರಿ ತನ್ನ ಮುಖಕ್ಕಿಂತ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಹಳದಿ ತುಂಡನ್ನು ಎದೆಗೊತ್ತಿಕೊಂಡು ಕೂತಿದ್ದಳು. ಗಾಜಿನಾಚೆ ಕಿವಿ ಡಾಕ್ಟರು ಗುಂಡಿ ತಿರುಗಿಸುತ್ತಲೇ ಇದ್ದರು. ಸಣ್ಣ ಸದ್ದು, ದೊಡ್ಡ ಸದ್ದು, ಇನ್ನೂ ದೊಡ್ಡದು. ತುಂಡು ಕದಲಲಿಲ್ಲ.

ಡಾಕ್ಟರು ಕನ್ನಡಕ ತೆಗೆದರು. (ಡಾಕ್ಟರು ಕನ್ನಡಕ ತೆಗೆದರೆ ನನಗೆ ಎದೆ ಝಲ್ಲೆನ್ನುತ್ತದೆ. ನಿಮಗೆ?)

"ಮುಂದಿನ ವಾರ ಇನ್ನೊಮ್ಮೆ ನೋಡೋಣ. ಆಗಲೂ ಹೀಗೇ ಆದರೆ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ. ಅಲ್ಲಿ ಅರಿವಳಿಕೆ ಕೊಟ್ಟು ಪರೀಕ್ಷಿಸುತ್ತಾರೆ," ಎಂದರು, ನಿಧಾನವಾದ ಇಂಗ್ಲಿಷಿನಲ್ಲಿ.

ಮೈಸೂರಿನಲ್ಲಿ ಹಾಲಿನವನನ್ನೂ ಬಿಡದೆ ಮಾತಾಡಿಸುತ್ತಿದ್ದ ಹುಡುಗಿ ಇವಳು. ಗ್ರೀನ್ ಕಾರ್ಡ್ ಸಿಕ್ಕಿತೆಂದು ಮ್ಯಾನ್‌ಹೈಮ್‌ಗೆ ಬಂದೆವು. (ಅಮೆರಿಕದ್ದಲ್ಲ, ಜರ್ಮನಿಯದು. ಊರಲ್ಲಿ ಯಾರಿಗೆ ಹೇಳಿದರೂ ಈ ಕಂಸ ಹಾಕಿಯೇ ಹೇಳಬೇಕು.) ಕಿಂಡರ್‌ಗಾರ್ಟನ್‌ಗೆ ಸೇರಿದ ಮೇಲೆ ಸಿರಿಯ ಮಾತು ಕಡಿಮೆಯಾಗುತ್ತಾ ಬಂತು. ಮೊದಲು ಅಲ್ಲಿ ಮಾತಾಡುವುದನ್ನು ಬಿಟ್ಟಳು, ಆಮೇಲೆ ಮನೆಯಲ್ಲೂ. ಹಸಿವಾದರೆ ಫ್ರಿಜ್ ತೋರಿಸುತ್ತಿದ್ದಳು. ಚಳಿಗಾಲದಲ್ಲಿ ಎರಡು ಸಲ ಕಿವಿ ಸೋರಿತ್ತು. "ಕರೆದರೆ ತಿರುಗಿಯೂ ನೋಡುವುದಿಲ್ಲ, ಒಮ್ಮೆ ಕಿವಿ ತೋರಿಸಿ," ಎಂದರು ಟೀಚರ್.

ನನ್ನ ಗಂಡ ಗುರುರಾಜ ಧಾರವಾಡದವನು. "ಆಕಿಗೆ ಏನೂ ಆಗಿಲ್ಲ, ನೀ ಸುಮ್ನ ಹೆದರಬ್ಯಾಡ," ಅನ್ನುತ್ತಿದ್ದ. ಆದರೆ ಆಫೀಸಿನಿಂದ ಬಂದವನೇ ಮಗಳ ಬೆನ್ನ ಹಿಂದೆ ನಿಂತು ಮೆಲ್ಲಗೆ ಚಪ್ಪಾಳೆ ತಟ್ಟಿ ನೋಡುತ್ತಿದ್ದ. ನಾನು ನೋಡಿಲ್ಲ ಅಂದುಕೊಂಡಿದ್ದ.

ಡಾಕ್ಟರ್ ಹತ್ತಿರದಿಂದ ಹೊರಟು ಟ್ರಾಮ್ ಹತ್ತಿದೆವು. ಜನರ ಮುಂದೆ ಅಳಬಾರದೆಂದು ಬ್ಯಾಗಿನಿಂದ ಸಿಡಿ ಪ್ಲೇಯರ್ ತೆಗೆದೆ. ಅದರಲ್ಲಿದ್ದದ್ದು ಮಿಚಿಕೊ ಕೊಟ್ಟ ಸಿಡಿ.

ಮಿಚಿಕೊ ನಮ್ಮ ಎದುರು ಮನೆಯಾಕೆ, ಜಪಾನಿನವರು, ಐವತ್ತರ ಆಸುಪಾಸು. ನಾನು ಜರ್ಮನ್ ಕ್ಲಾಸಿಗೆ ಹೋದಾಗ ಸಿರಿಯನ್ನು ಅವರೇ ನೋಡಿಕೊಳ್ಳುತ್ತಾರೆ. ಇಸ್ತ್ರಿ ಮಾಡುತ್ತಾ ಹಾಡು ಕೇಳುವುದು ಅವರ ಅಭ್ಯಾಸ. ಎಲ್ಲವೂ ಒಬ್ಬನೇ ಗಾಯಕನವು. ತಾನೇ ಬರೆದು, ತಾನೇ ರಾಗ ಹಾಕಿ, ಮಿಚಿಕೊ ಕಾಲೇಜಿಗೆ ಹೋಗುತ್ತಿದ್ದಾಗಿನಿಂದ ಹಾಡುತ್ತಲೇ ಇರುವ ಹಿರಿಯ. ಹೆಸರು ಬರೆಯೋಣವೆಂದರೆ, ನಾನು ಪ್ರತಿಸಲ ಒಂದೊಂದು ಥರ ಉಚ್ಚರಿಸಿ ಮಿಚಿಕೊರನ್ನು ನಗಿಸಿದ್ದೇನೆ. ಅಭಿಮಾನಿಗಳ ಶಾಪ ಬೇಡ.

"ಇದು ಸಿಟಿ ಪಾಪ್. ಹಳ್ಳಿಯಿಲ್ಲ, ಬೆಟ್ಟವಿಲ್ಲ. ಪೇಟೆ, ಸಂಜೆ, ಕಾರು, ಟೆಲಿಫೋನು," ಎಂದು ಅರ್ಧ ಜರ್ಮನ್, ಅರ್ಧ ಇಂಗ್ಲಿಷಿನಲ್ಲಿ ವಿವರಿಸಿದ್ದರು. ನನಗಾಗಿ ಮೂರು ಹಾಡು ಆರಿಸಿದ್ದರು. ಮೊದಲನೆಯದು ಇಸ್ತ್ರಿಗೆ: ಡ್ರಮ್ಸು ಕೈಯನ್ನು ತಾನೇ ಓಡಿಸುತ್ತದೆ. ಎರಡನೆಯದು ಪ್ರಯಾಣಕ್ಕೆ: ಸಮುದ್ರದ ಪಕ್ಕದ ಹೆದ್ದಾರಿ, ತೆರೆದ ಕಿಟಕಿ, ಸ್ಯಾಕ್ಸೋಫೋನು. ಮೂರನೆಯದು? "ಅಳಬೇಕು ಅನಿಸಿದಾಗ ಮಾತ್ರ."

ಅವತ್ತು ಮೂರನೆಯದನ್ನೇ ಹಾಕಬೇಕಿತ್ತು. ಟ್ರಾಮಿನಲ್ಲಿದ್ದೆನಲ್ಲ, ಎರಡನೆಯದನ್ನು ಹಾಕಿದೆ. ಸಿರಿ ಕೈ ಚಾಚಿದಳು. ಒಂದು ಇಯರ್‌ಫೋನ್ ಅವಳ ಕಿವಿಗಿಟ್ಟೆ.

ಪಲ್ಲವಿ ಬಂತು. ಸಿರಿ ಬಾಯಿ ತೆಗೆದಳು.

ಗುನುಗಲಿಲ್ಲ ಮಾರಾಯರೇ, ಹಾಡಿದಳು! ಪೂರ್ತಿ ಸಾಲು, ಜಪಾನಿ ಭಾಷೆಯಲ್ಲಿ, ಶ್ರುತಿ ಹಿಡಿದು, ಇಡೀ ಟ್ರಾಮಿಗೆ ಕೇಳುವಂತೆ. ಆಗಲೂ ಕೇಳಿಸುತ್ತದೋ ನೋಡೋಣವೆಂದು ನಾನು ಸದ್ದಿನ ಗುಂಡಿಯನ್ನು ತೀರಾ ತಗ್ಗಿಸಿದೆ. ನನಗೇ ಸರಿಯಾಗಿ ಕೇಳದಷ್ಟು. ಅವಳು ತಾಳ ತಪ್ಪಲಿಲ್ಲ.

ಎದುರಿಗಿದ್ದ ಅಜ್ಜಿ ತಿರುಗಿ ನೋಡಿದರು. ಬೈಯುತ್ತಾರೇನೋ ಅಂದುಕೊಂಡೆ. "ಚೆನ್ನಾಗಿದೆ. ಇದು ನಿಮ್ಮ ಭಾಷೆಯೇ?" ಎಂದರು.

"ಅಲ್ಲ, ಜಪಾನಿ."

"ಓ, ನೀವು ಜಪಾನಿನವರಾ?"

"ಅಲ್ಲ, ಇಂಡಿಯಾ."

ನಾನಾಗಲೇ ಮಗಳ ತಲೆಗೆ ಮುಖವಿಟ್ಟು ಅಳುತ್ತಿದ್ದೆ.

ಮನೆಗೆ ಬಂದವಳೇ ಮಿಚಿಕೊ ಬಾಗಿಲು ಬಡಿದೆ. ವಿಷಯ ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನನ್ನ ಜೊತೆ ದಿನಾ ಹಾಡುತ್ತಾಳಲ್ಲ! ನಿಮ್ಮ ಹತ್ತಿರ ಹಾಡುವುದಿಲ್ಲವೇ?" ಎಂದರು.

ಊಟಕ್ಕೆ ಕೂತಾಗ ಕೇಳಿದೆ.

"ಸಿರಿ, ಡಾಕ್ಟರ್ ಹತ್ರ ಬೀಪ್ ಕೇಳಿಸ್ಲಿಲ್ವಾ ಪುಟ್ಟಾ?"

"ಕೇಳಿಸ್ತು." ಎಷ್ಟು ವಾರಗಳ ಮೇಲೆ ಕೇಳಿದ ಕನ್ನಡ!

"ಮತ್ತೆ ಡಬ್ಬಿಗೆ ಯಾಕೆ ಹಾಕ್ಲಿಲ್ಲ?"

"ತಪ್ಪಾದ್ರೆ ನಗ್ತಾರಲ್ಲಮ್ಮ."

ಕಥೆ ತುಂಡು ತುಂಡಾಗಿ ಹೊರಬಂತು. ಜರ್ಮನ್‌ನಲ್ಲಿ ಕೂಖೆನ್ ಎಂದರೆ ಕೇಕು, ಕ್ಯೂಖೆ ಎಂದರೆ ಅಡಿಗೆಮನೆ. ಕಿಂಡರ್‌ಗಾರ್ಟನ್‌ನಲ್ಲಿ ಯಾರದೋ ಹುಟ್ಟುಹಬ್ಬ. ನಿನಗೇನು ಬೇಕೆಂದು ಕೇಳಿದ್ದಕ್ಕೆ ನಮ್ಮ ಹುಡುಗಿ, ನನಗೆ ಅಡಿಗೆಮನೆ ತಿನ್ನಬೇಕು ಎಂದಿದ್ದಾಳೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕಿದ್ದಾರೆ. ಅಲ್ಲಿಗೆ ಅಂಗಡಿ ಬಂದ್!

"ಮಿಚಿಕೊ ಆಂಟಿ ಹತ್ರ ತಪ್ಪಾದ್ರೆ?"

"ಆಂಟಿ ಮತ್ತೆ ಮೊದಲಿಂದ ಹಾಡ್ತಾರೆ. ಅಷ್ಟೇ."

ಗುರುರಾಜ ಎದ್ದು ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು ಸುಮಾರು ಹೊತ್ತು ಮುಖ ತೊಳೆದ.

ಮುಂದಿನ ವಾರ ಡಾಕ್ಟರಿಗೆ ಈ ಕಥೆಯನ್ನು ನಾನು ಜರ್ಮನ್‌ನಲ್ಲೇ ಹೇಳಿದೆ. ನಾಮಪದದ ಮುಂದೆ ಹಾಕುವ ಡೆರ್, ಡೀ, ಡಾಸ್ ಎಲ್ಲ ಎಲ್ಲೆಲ್ಲಿಗೋ ಹೋದವು. ಕ್ರಿಯಾಪದ ಕೊನೆಗೆ ಬರಬೇಕಂತೆ, ಬರಲೇ ಇಲ್ಲ. ಅಡಿಗೆಮನೆ ತಿನ್ನುವಲ್ಲಿಗೆ ಬಂದಾಗ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎದ್ದು ಬಂದು ಸಿರಿಯ ಪಕ್ಕ ಪುಟ್ಟ ಕುರ್ಚಿಯಲ್ಲಿ ಕೂತು, ತಾವೂ ಒಂದು ಹೆಡ್‌ಫೋನ್ ಹಾಕಿಕೊಂಡರು. ಬೀಪ್ ಬರುವ ಮೊದಲೇ ತುಂಡನ್ನು ಡಬ್ಬಿಗೆ ಹಾಕಿ, "ಅಯ್ಯೋ ತಪ್ಪು!" ಎಂದು ತಲೆ ಚಚ್ಚಿಕೊಂಡರು. ಸಿರಿ ಕಿಸಕ್ಕನೆ ನಕ್ಕಳು.

ಆಮೇಲೆ ಟಕ್. ಟಕ್. ಟಕ್. ಒಂದೂ ಬಿಡಲಿಲ್ಲ. ಎರಡೂ ಕಿವಿಗಳು ಚೆನ್ನಾಗಿವೆ.

ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದಳು, "ಮಗು ಮಾತಾಡ್ತಿದ್ಯೇನೇ?" "ಹಾಡುತ್ತಮ್ಮಾ, ಜಪಾನಿ ಭಾಷೇಲಿ," ಎಂದೆ. ಅಮ್ಮ ನನ್ನ ಆರೋಗ್ಯ ವಿಚಾರಿಸಿದಳು.

ಆ ಸಂಜೆ ಮೂರನೆಯ ಹಾಡು ಕೇಳಿದೆ. ಯಾರೋ ಯಾರಿಗೋ ಫೋನ್ ಮಾಡಿ, ಮಾತು ತೋಚದೆ ಉಸಿರು ಮಾತ್ರ ಕೇಳಿಸಿಕೊಳ್ಳುವ ಹಾಡಂತೆ. ಮಿಚಿಕೊ ಹೇಳಿದ್ದು ಸರಿ, ಅಳುವುದಕ್ಕೆ ಪ್ರಶಸ್ತವಾಗಿದೆ. ಎಲ್ಲ ಒಳ್ಳೆಯದಾದ ಮೇಲೆ ಬರುವ ಅಳುವಿಗಂತೂ ಇನ್ನೂ ಒಳ್ಳೆಯದು. ಎಲ್ಲಾದರೂ ಸಿಕ್ಕರೆ ಕೇಳಿ.

ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ಕೊಳ್ಳುತ್ತಿದ್ದವಳು ನಾನು. ನಿನ್ನೆ ಬಾಯಿಬಿಟ್ಟು ಕೇಳಿದೆ. ಮಾರುವ ಹುಡುಗಿ ನಕ್ಕಳು. ಕೇಳಿದ ಬ್ರೆಡ್ಡನ್ನೇ ಕೊಟ್ಟಳು.

ತಪ್ಪಾಗಿ ಮಾತಾಡಿದರೆ ಜನ ನಗುತ್ತಾರೆ, ನಿಜ. ಆದರೆ ನಕ್ಕರು ಅಂದರೆ ಅರ್ಥವಾಯಿತು ಅಂತಲೇ ಅಲ್ಲವೇ?