ಗೆಸಾ ಹಾರ್ಮ್ಸ್ ಅವರ ಹನ್ನೊಂದು ದಿನಗಳು

ಉತ್ತರ ಜರ್ಮನಿಯ ಕರಾವಳಿಯಲ್ಲಿ ಸೇತುವೆ ಪರಿಶೀಲನೆಗೆ ಒಂದು ಘನತೆ ತಂದುಕೊಟ್ಟವರ ಹೆಸರು ಹೇಳುವಾಗ ಶ್ರೀಮತಿ ಗೆಸಾ ಹಾರ್ಮ್ಸ್ ಅವರದನ್ನೇ ಮೊದಲು ಹೇಳಬೇಕು. ಮೂವತ್ತಾರು ವರ್ಷ ಸುತ್ತಿಗೆ ಹಿಡಿದು ಕಾಲುವೆಗಳ ಮೇಲಿನ ಕಾಂಕ್ರೀಟನ್ನು ತಟ್ಟಿ, ಸದ್ದಿನಿಂದಲೇ ಅದರ ಒಳಗುಟ್ಟು ಅರಿಯುತ್ತಿದ್ದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹೊಗಳಿಕೆ ಅವರಿಗೆ ಆಗಿಬರದು. ಆದರೂ ಸುಮ್ಮನೆ ಬಿಟ್ಟುಕೊಡುವ ಜನ ನಾವಲ್ಲ.

1988ರಲ್ಲಿ ಅವರು ಸೇತುವೆಗಳನ್ನು ನೋಡಿಕೊಳ್ಳುವ ನಮ್ಮ ಸರ್ಕಾರಿ ಕಚೇರಿಗೆ ಸೇರಿದ್ದು ಮೂರು ವರ್ಷಗಳ ಪರೀಕ್ಷಾರ್ಥ ಅವಧಿಯ ಮೇಲೆ. ಅದು ಮುಗಿದಾಗ ‘ಜೀವಾವಧಿಗೆ’ ಎಂಬ ಪದವಿರುವ ಕಾಯಂ ನೇಮಕಪತ್ರವನ್ನು ಮೇಲಧಿಕಾರಿ ಕೈಯಾರೆ ಕೊಡುತ್ತಾರೆ. ಆ ಪದವಿಲ್ಲದಿದ್ದರೆ, ಅಥವಾ ಪತ್ರ ಕೈಸೇರದಿದ್ದರೆ, ನೇಮಕ ನೇಮಕವೇ ಅಲ್ಲ. ಸೇರಿತೋ, ಮತ್ತೆ ಅಲುಗಾಡಿಸುವವರಿಲ್ಲ. ಅದೇ ಹೊತ್ತಿಗೆ ಖಾಸಗಿ ಎಂಜಿನಿಯರಿಂಗ್ ಸಂಸ್ಥೆಯೊಂದು ಹೆಚ್ಚುಕಡಿಮೆ ಎರಡರಷ್ಟು ಸಂಬಳಕ್ಕೆ ಅವರನ್ನು ಕರೆಯಿತು. ಪತಿ ಒನ್ನೊ ಅವರು ದುಡಿಯುತ್ತಿದ್ದ ಹಡಗು ಕಾರ್ಖಾನೆ ಆಗಷ್ಟೇ ಮುಚ್ಚಿತ್ತು, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದರು.

“ಅಷ್ಟು ಸಂಬಳ ಬಿಟ್ಟು ಸೇತುವೆ ಕೆಳಗೆ ತೆವಳ್ತೀನಿ ಅಂತೀಯಲ್ಲ, ತಲೆ ಕೆಟ್ಟಿದ್ಯೇನೇ ನಿಂಗೆ?” ಎಂದರು ಒನ್ನೊ.

“ನಿಂದೂ ಒಳ್ಳೇ ಸಂಬಳದ ಕೆಲಸಾನೇ ಆಗಿತ್ತು. ಎಲ್ಲಿದೆ ಈಗ?”

ಒನ್ನೊ ಆಲೂಗಡ್ಡೆ ಸುಲಿಯುತ್ತ ಕುಳಿತರು. ಆ ಮಾತಿಗಾಗಿ ಗೆಸಾ ಇಂದಿಗೂ ನಾಚುತ್ತಾರೆ. ಆದರೂ ತೀರ್ಮಾನವಾಗಿತ್ತು: ಸರ್ಕಾರಿ ಕೆಲಸವೇ ಸರಿ. ಸಂಸ್ಥೆಗೆ ಉತ್ತರ ಬರೆಯುವುದೊಂದು ಬಾಕಿಯಿತ್ತು.

1991ರ ಸೆಪ್ಟೆಂಬರಿನಲ್ಲಿ, ಬೆಣ್ಣೆ ಕೇಕು, ಕಾಫಿಗಳ ನಡುವೆ, ಕಚೇರಿಯ ಮುಖ್ಯಸ್ಥ ಹಾರೊ ಬೋಯ್ಸೆನ್ ಪತ್ರ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪತ್ರ ಓದಿದವರು ಗೆಸಾ ಒಬ್ಬರೇ.

“ಬೋಯ್ಸೆನ್ ಅವರೇ, ಇದ್ರಲ್ಲಿ ‘ಜೀವಾವಧಿಗೆ’ ಅಂತ ಇಲ್ಲ.”

“ಇರುತ್ತೆ ಕಣ್ರೀ, ಸರಿಯಾಗಿ ನೋಡಿ.”

“ನೋಡಿದೆ. ಇಲ್ಲ.”

ಬೆರಳಚ್ಚಿನವರು ಆ ಸಾಲನ್ನೇ ಹಾರಿಸಿದ್ದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಆದರೆ ಸುಮ್ಮನಿರುವುದು ಆ ಜೀವಕ್ಕೆ ಗೊತ್ತೇ ಇಲ್ಲ. ಹೊಸ ಪತ್ರಕ್ಕೆ ಎರಡು ವಾರ ಬೇಕೆಂದರು. “ಕೇಕ್ ಆದ್ರೂ ತಿನ್ರಪ್ಪ, ಅದ್ರಲ್ಲೇನೂ ತಪ್ಪಿಲ್ಲ” ಎಂದು ಬೋಯ್ಸೆನ್ ಸಂಕೋಚದಿಂದ ನಕ್ಕರು.

ನಾಲ್ಕನೆಯ ದಿನ ಗೆಸಾ ಕಾಲುವೆಯೊಂದರ ಸೇತುವೆಯನ್ನು ತಟ್ಟಿದಾಗ ತಳದಲ್ಲಿ ಟೊಳ್ಳು ಸದ್ದು ಬಂತು. ಅದನ್ನು ಹಿಂದೆ ದುರಸ್ತಿ ಮಾಡಿದ್ದು ಅವರನ್ನು ಕೆಲಸಕ್ಕೆ ಕರೆದಿದ್ದ ಸಂಸ್ಥೆಯೇ. ಕೋಸಿನ ಕೊಯ್ಲಿನ ಕಾಲ. ಸೇತುವೆ ಮುಚ್ಚಿದರೆ ಲಾರಿಗಳು ಇಪ್ಪತ್ತು ಕಿಲೋಮೀಟರ್ ಸುತ್ತಬೇಕು. ಸಂಸ್ಥೆಯವರು ಫೋನಿನಲ್ಲಿ ಬಹಳ ಸೌಮ್ಯವಾಗಿ ಹೇಳಿದರು: “ವರದಿ ಒಂಚೂರು ಮೆತ್ತಗೆ ಬರೀರಿ ಮೇಡಂ. ನಿಮ್ಮ ಕುರ್ಚಿ ಇಲ್ಲಿ ಕಾಯ್ತಾ ಇದೆ.”

ಮುಚ್ಚಿದರೆ ಅತ್ತ ಖಾಸಗಿ ಕೆಲಸ ಹೋಗುತ್ತದೆ, ಇತ್ತ ಇನ್ನೂ ಕಾಯಂ ಆಗದವರನ್ನು ಮನೆಗೆ ಕಳಿಸಲು ಒಂದು ಕಾಗದ ಸಾಕು. ಎರಡೂ ಕೈಬಿಟ್ಟರೆ ಇಬ್ಬರು ಮಕ್ಕಳ ಸಂಸಾರ ಬೀದಿಗೆ ಬೀಳುತ್ತದೆ. ಗೆಸಾ ಹೆದರಿದರು, ಚೆನ್ನಾಗಿಯೇ ಹೆದರಿದರು. ಹೆದರಿಕೊಂಡೇ ಸೇತುವೆ ಮುಚ್ಚಿದರು. ಅಡ್ಡಗಂಬದ ಬಳಿ ಊರಿನ ಮೇಯರ್ ಕೂಗಾಡಿದರು: “ನಿಮ್ಮ ಸುತ್ತಿಗೆ ಟೊಕ್ ಅಂದ್ರೆ ನಮ್ಮ ಕೋಸು ಕೊಳೀಬೇಕೇನ್ರೀ?” ಅವರ ದೂರು ಮುಖ್ಯ ಕಚೇರಿಯವರೆಗೂ ಹೋಯಿತು.

ಹನ್ನೊಂದನೆಯ ದಿನ ಬೋಯ್ಸೆನ್ ಹೊಸ ಪತ್ರ ಹಿಡಿದು ಏದುಸಿರು ಬಿಡುತ್ತ ಆ ಸೇತುವೆಗೇ ಬಂದರು. ಗೆಸಾ ಕೆಸರು ಬೂಟಿನಲ್ಲಿ ನಿಂತಿದ್ದರು.

“ನಿಮ್ಮ ಪರೀಕ್ಷಾರ್ಥ ಅವಧೀನ ಇನ್ನೂ ಎಳೆಯೋ ಮಾತು ನಡೀತಿದೆ ಮುಖ್ಯ ಕಚೇರೀಲಿ. ಫೋನ್ ಹೊಡ್ಕೊಳ್ತಾನೇ ಇತ್ತು, ನಾನು ಎತ್ತದೆ ಬಂದ್ಬಿಟ್ಟೆ. ಹಿಡ್ಕೊಳ್ಳಿ ಬೇಗ!”

“ಮೊದ್ಲು ಓದ್ತೀನಿ.”

“ಅಯ್ಯೋ, ಓದ್ರಮ್ಮ! ಕೈಲಿ ಹಿಡ್ಕೊಂಡು ಓದಿ!”

ಹಿಡಿದರು, ಓದಿದರು. ಪದ ಅಲ್ಲಿತ್ತು.

ಸೇತುವೆಯ ಕಾಂಕ್ರೀಟನ್ನು ಒಡೆದು ನೋಡಿದಾಗ ಒಳಗಿನ ಉಕ್ಕಿನ ತಂತಿಗಳು ಹಲವು ಕಡೆ ತುಂಡಾಗಿದ್ದವು. ಆ ಚಳಿಗಾಲದಲ್ಲೇ ಬೀಳುತ್ತಿತ್ತೆಂದು ಕೆಲವರು, ಇನ್ನೂ ಹತ್ತು ವರ್ಷ ನಿಲ್ಲುತ್ತಿತ್ತೆಂದು ಕೆಲವರು ವಾದಿಸಿದರು. ಕೋಸಿನ ರೈತರು ಮಾತ್ರ ಬಹಳ ಕಾಲ ಗೆಸಾ ಅವರನ್ನು ಮಾತಾಡಿಸಲಿಲ್ಲ.

ಮುಂದಿನ ವರ್ಷಗಳಲ್ಲಿ ಕಿರಿಯರು ಸರ್ಕಾರಿಯೋ ಖಾಸಗಿಯೋ ಎಂಬ ಇದೇ ತೂಗುಯ್ಯಾಲೆಯಲ್ಲಿ ಅವರ ಕೋಣೆಗೆ ಬರುತ್ತಿದ್ದರು. ಯಾರನ್ನೂ ಅವರು ತಡೆಯಲಿಲ್ಲ. ತ್ಯಾರ್ಕ್ ಎಂಬ ಕಿರಿಯ ಎಂಜಿನಿಯರ್ ತಾಯಿಯ ಆರೈಕೆಗೆ ಹೆಚ್ಚು ಸಂಬಳ ಬೇಕೆಂದಾಗ, ಖಾಸಗಿ ಕೆಲಸಕ್ಕೆ ಅವನ ಅರ್ಜಿಯನ್ನು ತಾವೇ ಕೂತು ತಿದ್ದಿಕೊಟ್ಟರು.

ಕಳೆದ ವಾರ ಯಾರೋ ಕೇಳಿದರು, ಭದ್ರವಾದ ಕೆಲಸ ಆರಿಸಿದ್ದು ಸಾರ್ಥಕವಾಯಿತೇ ಎಂದು. ಗೆಸಾ ಹೇಳಿದರು:

“ಆ ಸೇತುವೆ ಮುಚ್ಚಿದಾಗ ನಂಗೆ ಯಾವ ಭದ್ರತೇನೂ ಇರ್ಲಿಲ್ಲ. ಆಮೇಲೆ ಮೂವತ್ಮೂರು ವರ್ಷ ಇತ್ತು. ಅಷ್ಟು ವರ್ಷದಲ್ಲಿ ಅಂಥಾ ಕೆಲಸ ಇನ್ನೊಂದು ಮಾಡಿದ್ನಾ, ಇಲ್ಲ ಬೆಚ್ಚಗೆ ಕೂತ್ಬಿಟ್ನಾ ಅನ್ನೋದೇ ನಂಗೆ ಭಯ.”

ಮಾಡಿದ್ದೀರಿ ಎನ್ನಲು ನಮ್ಮ ಬಳಿ ನಿದರ್ಶನಗಳು ಬೇಕಾದಷ್ಟಿವೆ, ಅವರು ಒಪ್ಪುವುದಿಲ್ಲ. ಗೆಸಾ ಅವರು ಆರೋಗ್ಯವಾಗಿ ಬಹುಕಾಲ ಬಾಳಲಿ, ಹೊಸಬರಿಗೆ ಸುತ್ತಿಗೆಯ ಸದ್ದು ಕಲಿಸಲು ಗುರುವಾರಗಳಂದು ಬರುತ್ತಲೇ ಇರಲಿ. ಆ ಭಯವನ್ನು ಮಾತ್ರ ಮನೆಗೆ ಒಯ್ಯದೆ ಇಲ್ಲೇ ಬಿಟ್ಟುಹೋಗಲಿ: ಜೀವಾವಧಿಗೆ ನೇಮಕಗೊಂಡ ನಮಗೆ ಅದು ಬೇಕಾಗಿದೆ.