ಅಜ್ಜಿ ಎತ್ತಿ ಹಿಡಿದ ಹಲಗೆ

ಗದಗಿನಲ್ಲಿ ತಮ್ಮನ ಹೊಸ ಮನೆಯ ಚಾವಣಿಗೆ ಒಳಸರಿದ ಮರದ ಚೌಕಗಳನ್ನು ಮಾಡಿಸಿದ್ದಾರೆ. ಅದರ ಸಾಗವಾನಿ ವಾಸನೆಗೆ ಲಕ್ಷ್ಮೇಶ್ವರದ ಹಳೆಯ ಮನೆ ನೆನಪಾಯಿತು. ಅಲ್ಲಿಯೂ ತೊಲೆಗಳ ನಡುವೆ ಅಂಥವೇ ಚೌಕಗಳು, ಒಂದೊಂದರಲ್ಲೂ ಕಮಲ ಕೆತ್ತಿದ ದಪ್ಪ ಹಲಗೆ. ಕೆಳಗೆ ಆಗಿನ್ನೂ ಕೂಸಾಗಿದ್ದ ತಮ್ಮನ ತೊಟ್ಟಿಲು.

ಒಂದು ಮಧ್ಯಾಹ್ನ ಅವನ ಹಣೆಯ ಮೇಲೆ ಮಾಳಿಗೆಯ ಮಣ್ಣು ಉದುರಿತು. ಅಜ್ಜಿ ತಲೆಯೆತ್ತಿದಳು. ಒಂದು ಹಲಗೆಯ ಮೂಲೆ ಜಾರಿತ್ತು. ಅವಳು ಪಕ್ಕದ ಮೇಜು ಹತ್ತಿ ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಳು.

“ಕೂಸಿನ್ನ ಎತ್ಕೊಂಡು ಹೊರಗ ನಡಿಯವ್ವಾ. ಓಡಬ್ಯಾಡ.”

“ನೀ?” ಎಂದೆ.

“ಮೊದ್ಲ ನೀ ಹೊಸ್ತಿಲಾ ದಾಟು.”

ದಾಟಿದೆ. ಹಿಂದೆ ಧಡ್ಡನೆ ಸದ್ದಾಯಿತು. ಹಲಗೆ ಬಿದ್ದು ತೊಟ್ಟಿಲು ಮುರಿದಿತ್ತು. ಅಜ್ಜಿ ಮೇಜಿನಿಂದ ಜಿಗಿದು ಗೋಡೆಗೆ ಒರಗಿ ನಿಂತಿದ್ದಳು.

“ಮ್ಯಾಲೆ ಏನ್ ನೋಡಾಕತ್ತಿ ಅಕ್ಕಾ?” ಎಂದು ಹೊಸ ಮನೆಯ ಚೌಕಗಳ ಕೆಳಗೆ ಕೂತಿದ್ದ ತಮ್ಮ ಕೇಳಿದ.

“ಏನಿಲ್ಲೋ. ನೀ ಸ್ವಲ್ಪ ಈ ಕಡೆ ಸರದು ಕುಂಡ್ರು,” ಎಂದೆ.