ಶಾಂತಕ್ಕನ ಬಿಪಿ ಮತ್ತು ಒಂದು ಪುಟ್ಟ ಗಡ್ಡೆ

ನನ್ನ ಅಕ್ಕ ಶಾಂತವ್ವ ಗೋವಾದ ಬೋಗ್ಮಾಳೋ ಬೀಚಿನಲ್ಲಿ ಮಣಿಸರ ಮಾರುತ್ತಾಳೆ. ಚೌಕಾಸಿಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಹೋದ ಸೀಸನ್ನಿನಲ್ಲಿ ಒಬ್ಬ ಗಿರಾಕಿಯೊಂದಿಗೆ ಜಗ್ಗಾಡುತ್ತಲೇ ಚೀಲ ಎತ್ತಲು ಬಾಗಿದಳು. ಎದ್ದಾಗ ಮುಖ ಬಿಳಿಚಿತ್ತು, ಮೈಯೆಲ್ಲ ಬೆವರು, ಕೈ ನಡುಕ. ಗಿರಾಕಿ ಹೆದರಿ, ಹೇಳಿದ ರೇಟಿಗೇ ಸರ ಕೊಂಡು ನಡೆದ. (ಆ ಸ್ಥಿತಿಯಲ್ಲೂ ಅಕ್ಕ ಡಿಸ್ಕೌಂಟ್ ಕೊಡಲಿಲ್ಲ.)

ಇದು ಮೊದಲ ಸಲವಲ್ಲ. ಆಗಾಗ ತಲೆ ಸಿಡಿಯುವುದು, ಎದೆ ಡವಡವ ಎನ್ನುವುದು, ಸ್ವಲ್ಪ ಹೊತ್ತಿಗೆ ಎಲ್ಲ ಮಾಯ. ಕ್ಲಿನಿಕ್ ಮುಟ್ಟುವಷ್ಟರಲ್ಲಿ ಬಿಪಿ ನಾರ್ಮಲ್. ಟೆನ್ಶನ್ ಎಂದರು. ವಯಸ್ಸು ಎಂದರು. ಭಾವ ಇನ್ನೂ ಸುಲಭ ಮಾಡಿದರು: "ನಿಮ್ಮಕ್ಕ ಭಾಳ ಸಿಟ್ಟು ಮಾಡ್ಕೋತಾಳ, ಅದಕ್ಕ."

ಹೆಂಗಸಿನ ಎದೆ ಬಡಿದುಕೊಂಡರೆ ನಮಗೆ ಮೊದಲು ಕಾಣುವುದು ಅವಳ ಸ್ವಭಾವವೇ ಏಕೆ?

ಈ ಸಲ ವಾಸ್ಕೋದ ಬೇರೊಬ್ಬ ಡಾಕ್ಟರ ಬಳಿ ನಾನೇ ಕರೆದೊಯ್ದೆ. ಬೆಳಗಾವಿ ಕಡೆಯವರು. "ಬಾಗಿದಾಗ ಹಿಂಗಾಕ್ಕೈತೇನ್ರಿ?" ಎಂದು ಕೇಳಿದರು. ಅಕ್ಕ ಹೌದೆಂದಳು. "ಮುಂದ ಹಿಂಗಾದಾಗ ಅಲ್ಲೇ ಬಿಪಿ ನೋಡ್ರಿ."

ನಾನೊಂದು ಬಿಪಿ ಮಷಿನ್ ತಂದೆ. ಮುಂದಿನ ಸಲ ಹಾಗಾದಾಗ ಅದು ತೋರಿಸಿದ ಅಂಕಿ ನೋಡಿ ನನ್ನ ಬಿಪಿಯೂ ಏರಿತು. ಅಕ್ಕ ಮಾತ್ರ, "ಇದು ಕೆಟ್ಟೈತಿ, ವಾಪಸ್ ಕೊಡು" ಎಂದಳು.

ಮಷಿನ್ ಕೆಟ್ಟಿರಲಿಲ್ಲ. ಮೂತ್ರ ಪರೀಕ್ಷೆ, ನಂತರ ಸ್ಕ್ಯಾನ್. ಕಿಡ್ನಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ. ಹೆದರಿದಾಗ ಮೈಯಲ್ಲಿ ಏರುವ ಹಾರ್ಮೋನನ್ನು ಅದು ಮನಸ್ಸು ಬಂದಾಗ ಸುರಿಯುತ್ತಿತ್ತು.

"ಕ್ಯಾನ್ಸರೇನ್ರಿ?" ಅಕ್ಕ ನೇರವಾಗಿ ಕೇಳಿದಳು.

"ಇಂಥಾವು ಹೆಚ್ಚಾಗಿ ಕ್ಯಾನ್ಸರ್ ಇರಂಗಿಲ್ರಿ. ಆದ್ರ ಹಾಂಗ ಬಿಟ್ರ ಜೀವಕ್ಕ ಅಪಾಯ. ಅವಸರದಾಗ ಕೊಯ್ದ್ರೂ ಅಪಾಯ. ಮೊದ್ಲ ಗುಳಿಗಿ ತಗೊಂಡು ಬಿಪಿ ಹಿಡಿತಕ್ಕ ಬರಲಿ."

ಗುಳಿಗೆ ಶುರುವಾದ ಮೇಲೆ ಬಿಪಿ ಒಮ್ಮೆಲೇ ಕುಸಿಯಬಾರದೆಂದು ನೀರು ಹೆಚ್ಚು ಕುಡಿಯಿರಿ, ಉಪ್ಪು ಬಿಡಬೇಡಿ ಎಂದೂ ಹೇಳಿದರು. ಬಿಪಿ ಇದ್ದವರಿಗೆ ಉಪ್ಪು ತಿನ್ನಿ ಎನ್ನುವ ಡಾಕ್ಟರನ್ನು ಅಕ್ಕ ಎಂದೂ ಕಂಡಿರಲಿಲ್ಲ. ಮನೆಗೆ ಬಂದವಳೇ ಉಪ್ಪಿನಕಾಯಿ ಭರಣಿ ತೆಗೆದಳು.

ಆಪರೇಷನ್ ದಿನ ನನ್ನ ಕೈ ಗಟ್ಟಿಯಾಗಿ ಹಿಡಿದು ಮೆಲ್ಲಗೆ ಅಂದಳು: "ಇವತ್ತಿನ ಅಂಜಿಕಿ ಗಡ್ಡಿದಲ್ಲ ತಂಗಿ, ಖರೇನ ನಂದು." ಬಾಗಿಲ ಬಳಿ ನಿಂತಿದ್ದ ಭಾವ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಗಡ್ಡೆ ಹೋಯಿತು. ಬಿಪಿ ಗುಳಿಗೆಯೂ ನಿಂತಿತು. ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷೆಗೆ ಬರಬೇಕೆಂದು ಡಾಕ್ಟರ್ ಹೇಳಿದ್ದಾರೆ. ಭಾವ ಅದನ್ನು ಅಕ್ಕನಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದಾರೆ.

ನಿಮ್ಮ ಮನೆಯಲ್ಲೂ "ಅವಳದು ಯಾವಾಗಲೂ ಹಾಗೇ" ಎನಿಸಿಕೊಂಡವರೊಬ್ಬರು ಇದ್ದಾರಲ್ಲ, ಅವರ ಬಿಪಿ ಕೊನೆಯ ಸಲ ನೋಡಿದ್ದು ಯಾವಾಗ?